ತಿಕ್ಕಿದರೆ ಏಳುವ ತೊಗಲು

ಗುಬ್ಬಿ ತಾಲ್ಲೂಕಿನ ಕಡಬದ ತೆಂಗಿನ ನಾರಿನ ಶೆಡ್ಡಿನ ಮಾಲೀಕ ಲಕ್ಷ್ಮೀನರಸಿಂಹಯ್ಯ ದೊಡ್ಡಗಂಗಮ್ಮನಿಗೆ ಒಂದು ತಿಂಗಳ ಕೂಲಿ ಇನ್ನೂ ಕೊಡಬೇಕು. ಅವನ ಹತ್ತಿರ ದುಡ್ಡಿಲ್ಲ ಅಂತಲ್ಲ.

ದೊಡ್ಡಗಂಗಮ್ಮನ ತೊಗಲು ಹುಟ್ಟಿದಾಗಿನಿಂದ ಹಾಗೆಯೇ. ಎಲ್ಲಿ ಉಜ್ಜಿತೋ ಅಲ್ಲಿ ನೀರುಗುಳ್ಳೆ. ಒಡೆದರೆ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಇದು ಸಿಡುಬಮ್ಮನ ಕಾಟವೆಂದು ತಾಯಿ ಓಬಳಮ್ಮ ಶುಕ್ರವಾರ ಶುಕ್ರವಾರ ಬೇವು, ಅರಿಶಿನ ಅರೆದು ಗಸಗಸ ತಿಕ್ಕಿದಳು. ತಿಕ್ಕಿದಷ್ಟೂ ಸುಲಿಯಿತು, ಸುಲಿದಷ್ಟೂ ತಿಕ್ಕಿದಳು. ಮದುವೆಗೆ ಬಳೆ ತೊಡಿಸುವಾಗ ಮುಂಗೈ ತೊಗಲು ಬಳೆಯ ಜೊತೆಗೇ ಜಾರಿತು. ಕುಣಿಗಲ್ ಕಡೆಯ ಗಂಡಿನವರು ಎದ್ದು ಹೋದರು.

ಹಗ್ಗ ಹೊಸೆಯಲು ಅವಳ ಅಂಗೈ ತಡೆಯದು. ಕೈಗೆ ಹಳೇ ಪಂಚೆ ಸುತ್ತಿಕೊಂಡು ಶೆಡ್ಡಿನಲ್ಲಿ ರಾಟೆ ತಿರುಗಿಸುತ್ತಿದ್ದಳು. ಈ ಎಂಬತ್ತಾರನೇ ಇಸವಿಯಲ್ಲಿ ಯಾರೋ ಕುಷ್ಠ ಅಂದರು. ಉಳಿದ ಹೆಂಗಸರು ಅವಳು ಹಿಡಿದ ರಾಟೆ ಮುಟ್ಟಲಿಲ್ಲ. ಮಾಲೀಕ ಆ ತಿಂಗಳ ಕೂಲಿ ತಡೆದ. ಅಂಟುರೋಗವಲ್ಲ ಅಂತ ಡಾಕ್ಟರಿಂದ ಬರೆಸಿಕೊಂಡು ಬಾ, ಆಮೇಲೆ ನೋಡೋಣ ಅಂದ.

ತಾಯಿ ಮಗಳು ಗುಬ್ಬಿಯಲ್ಲಿ ಬಸ್ಸು ಬದಲಿಸಿ ತುಮಕೂರಿಗೆ ಹೋದರು. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತು ನಿಂತು ಕಾಲು ಸೋತವು. ಚರ್ಮದ ಡಾಕ್ಟರು ಅಂಜನಮೂರ್ತಿ ಇದು ಅಂಟುವುದಲ್ಲ ಎಂದರು. ಮೇಲಿನ ತೊಗಲಿನ ಜೀವಕೋಶದೊಳಗೆ ಪ್ರೋಟೀನಿನ ಬಲೆಯಿದೆ, ಕೆಳಗಿನ ಪದರದಲ್ಲಿ ಪ್ರೋಟೀನಿನದೇ ನಾರಿದೆ. ಎರಡನ್ನೂ ಕಟ್ಟಿ ಹಿಡಿಯುವ ಸಣ್ಣ ಸಣ್ಣ ಎಳೆಗಳು ಇವಳಲ್ಲಿ ಹುಟ್ಟಿನಿಂದಲೇ ಸರಿಯಿಲ್ಲ. ಉಜ್ಜಿದರೆ ಕಟ್ಟು ಬಿಚ್ಚುತ್ತದೆ. ಗುಣಪಡಿಸುವ ಔಷಧಿಯಿಲ್ಲ, ತಿಕ್ಕಬೇಡಿ, ಅಷ್ಟೇ.

"ಅಂದ್ರೆ ನನ್ ಮೈಯಾಗೆ ಹಗ್ಗ ಹೊಸೆಯೋರು ಕೆಲ್ಸಕ್ಕೇ ಬಂದಿಲ್ಲ ಅನ್ನಿ ಸ್ವಾಮಿ."

"ಬಂದೋರೂ ಗಟ್ಟಿಯಾಗಿ ಹೊಸೆದಿಲ್ಲಮ್ಮ," ಎಂದು ಡಾಕ್ಟರು ಚೀಟಿ ಬರೆದರು.

ವಾಪಸ್ ಬರುವಾಗ ಓಬಳಮ್ಮ ಬಸ್ಸಿನಲ್ಲಿ ಬಾಯಿಬಿಟ್ಟಳು. "ನಾನೇ ಸುಲಿದ್ನಲ್ಲ ಕಣೇ, ಇಷ್ಟು ವರ್ಸ."

"ಬುಡವ್ವ. ನಿದ್ದೆ ಬತ್ತೈತೆ."

ಮಾರನೆಯ ದಿನ ಮಾಲೀಕ ಚೀಟಿ ಓದಿ, ಸರಿ ಎಂದ. ನೋಟು ತೆಗೆದು ಅವಳ ಮುಂದೆ ನೆಲದ ಮೇಲೆ, ನಾರಿನ ಧೂಳಿನಲ್ಲಿ ಇಟ್ಟು ಹಿಂದೆ ಸರಿದ.

"ಕೈಗೆ ಕೊಡಿ," ಅಂದಳು.

"ಏನ್ಲೇ, ನೆಲದ ಮ್ಯಾಲಿದ್ರೆ ದುಡ್ಡು ಓಡೋಗ್ತದಾ? ಎತ್ಕೋ."

"ಅಂಟಲ್ಲ ಅಂತ ಬರ್ದವ್ರೆ. ಓದಿದ್ರಲ್ಲ. ಕೈಗೆ ಕೊಡಿ."

ಅವನು ಕೊಡಲಿಲ್ಲ, ಅವಳು ಬಗ್ಗಲಿಲ್ಲ. ನೋಟು ಮತ್ತೆ ಅವನ ಜೇಬಿಗೇ ಹೋಯಿತು. ಅವಳು ಮನೆಗೆ ಬಂದು, ಸಾಕಾಗಿ, ಉಣ್ಣದೆ ಮಲಗಿದಳು.

ಅಂಟುವುದಿಲ್ಲ ಅನ್ನುವುದು ಇದನ್ನು ಓದಿದ ನಿಮಗೂ ಈಗ ಗೊತ್ತು. ಅಯ್ಯೋ ಪಾಪ ಅನ್ನಬೇಡಿ. ಶೆಡ್ಡಿಗೆ ಬನ್ನಿ, ಆ ಕೂಲಿಯನ್ನು ಅವಳ ಅಂಗೈಗೇ ಇಡಿಸಿ.