ಅಮೆರಿಕದ ಕಾಗದಕ್ಕೆ ದಾವಣಗೆರೆಯ ಬೇಗಡೆ

ದಾವಣಗೆರೆಯಲ್ಲಿ ರೈಲು ಇಳಿದ ಸಂಜೆ ನಾನು ಕಂಡದ್ದು ಬೀದಿ ತುಂಬ ತಲೆ ನೆರೆತ ಹುಡುಗರು. ಮೀಸೆ ಮೂಡದವರಿಗೂ ಹುಬ್ಬು ಬೆಳ್ಳಗೆ. ಯಾವುದೋ ಕಾಯಿಲೆಯ ಊರಿಗೆ ಬಂದುಬಿಟ್ಟೆ ಅಂದುಕೊಂಡೆ. ಗಿರಣಿಯ ಪಾಳಿ ಬಿಟ್ಟಿತ್ತು, ಅದು ಹತ್ತಿಯ ಧೂಳು, ಅಷ್ಟೆ. ನಾಲ್ಕನೇ ದಿನ ನನ್ನ ತಲೆಯೂ ಬೆಳ್ಳಗಾಗಿತ್ತು.

ಗಂಗೊಳ್ಳಿಯ ನನ್ನ ಊರವರೇ, ಹೇಗಿದ್ದೀ ಅಂತ ನೀವು ಕೇಳುತ್ತೀರಿ. ಅಲ್ಲಿ ಮೈಗೆ ಉಪ್ಪು ಅಂಟುತ್ತಿತ್ತು, ಇಲ್ಲಿ ಹತ್ತಿ ಅಂಟುತ್ತದೆ. ನೂಲುವ ಯಂತ್ರದ ಮುಂದೆ ನಿಂತು ಕಡಿದ ಎಳೆ ಸೇರಿಸುವುದು ನನ್ನ ಕೆಲಸ. ಬಲೆ ನೇಯ್ದ ಬೆರಳು, ಬೇಗ ಕಲಿತೆ. ರೂಮು ಮಾತ್ರ ಬೇಗ ಸಿಗಲಿಲ್ಲ. ಪ್ರತಿ ಮನೆಯಲ್ಲೂ ಮೊದಲ ಪ್ರಶ್ನೆ ಮೀನಿನದ್ದು. ಕಡೆಗೆ ಗೌರಮ್ಮ ಎಂಬ ವಿಧವೆ ಹಿತ್ತಲ ಕೋಣೆ ಕೊಟ್ಟರು.

"ಮೀನ ತಿಂತೀಯೇನು?"

"ಊರಲ್ಲಿ ತಿಂತೆ."

"ಇಲ್ಲಿ ತಿನ್ನಂಗಿಲ್ಲ. ನನ್ನ ಮೂಗು ಪೊಲೀಸ್ ಇದ್ದಂಗ ಐತೆ."

ಭಾನುವಾರ ಅವರೇ ಜೋಳದ ರೊಟ್ಟಿ ಕೊಡುತ್ತಿದ್ದರು. ಒಣ ರೊಟ್ಟಿ. ಗಂಜಿ ಉಂಡು ಬೆಳೆದ ನಾನು ಅದು ಮೆತ್ತಗಾಗಲಿ ಅಂತ ಪಲ್ಯ ಸುರಿದುಕೊಂಡು ಕಾಯುತ್ತಾ ಕೂತರೆ, "ಅದು ಮೆತ್ತಗಾಗಲ್ಲೋ, ನೀನ ಗಟ್ಟಿಯಾಗು" ಎಂದು ನಕ್ಕರು.

ಅವರ ಒಬ್ಬನೇ ಮಗ ಚನ್ನಬಸಪ್ಪನವರು ಅಮೆರಿಕದಲ್ಲಿ ಯಂತ್ರಗಳ ಇಂಜಿನಿಯರಿಂಗ್ ಓದುತ್ತಿದ್ದರು. ಗೌರಮ್ಮನಿಗೆ ಓದು ಬರಹ ಇಲ್ಲ. ನಾನು ನಾಲ್ಕನೇ ಕ್ಲಾಸು ಮುಗಿಸಿದವನು. ಎರಡು ವರ್ಷ ಮಗನ ಪತ್ರಗಳನ್ನೆಲ್ಲ ಓದಿ ಹೇಳಿದವನು ನಾನೇ. ಹಿಮ, ಪರೀಕ್ಷೆ, ಅನ್ನ ಸಿಗದ ಊಟ, ಎಲ್ಲ ನನಗೆ ಗೊತ್ತಿತ್ತು. ಮಗನ ಓದು ಮುಗಿದಾಗ ಗೌರಮ್ಮ, "ಬಂದುಬಿಡು, ಇಲ್ಲಿ ಇಷ್ಟೊಂದು ಗಿರಣಿ ಅದಾವ, ನಿನಗ ಕೆಲಸ ಕಾದೈತೆ ಅಂತ ಬರಿ" ಎಂದರು. ಬರೆದೆ. ಅವರು ಬಂದರು.

ಗಿರಣಿಯ ಗುರುತಿದೆ ಅಂತ ಗೌರಮ್ಮ ನಮ್ಮ ಗಿರಣಿಯ ಮಾಲೀಕರಾದ ಸಾಹುಕಾರರ ಹತ್ತಿರ ನನ್ನನ್ನೇ ಮಗನ ಜೊತೆಗೆ ಕಳಿಸಿದರು. ಸಾಹುಕಾರರು ಅಮೆರಿಕದ ಪದವಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಇಂಗ್ಲಿಷೂ ಅಲ್ಲ, ಲ್ಯಾಟಿನ್ ಎಂಬ ಹಳೇ ಭಾಷೆಯಂತೆ. ಮೂಲೆಯಲ್ಲಿ ಬಣ್ಣವಿಲ್ಲದ ಉಬ್ಬು ಮುದ್ರೆ. ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

"ಇದರಾಗ ಕ್ಲಾಸ್ ಎಲ್ಲೈತೆ? ಫಸ್ಟ್ ಕ್ಲಾಸೋ, ಸೆಕೆಂಡೋ?"

"ಅಲ್ಲಿ ಕ್ಲಾಸ್ ಬರಿಯಂಗಿಲ್ರಿ" ಎಂದರು ಚನ್ನಬಸಪ್ಪನವರು. "ಆ ಕಾಲೇಜಿಗೆ ಸೇರೋದ ಕಷ್ಟ. ಅಮೆರಿಕದಾಗ ಅದರ ಹೆಸರು ಹೇಳಿದ್ರ ಸಾಕು, ಕರದು ಕೆಲಸ ಕೊಡ್ತಾರ."

"ನಾನು ಕೇಳಿಲ್ಲಪ್ಪ. ಮ್ಯಾಂಚೆಸ್ಟರ್ ಕೇಳೀನಿ, ನನ್ನ ಮಿಷನ್ ಅಲ್ಲಿಂದ ಬಂದಾವ. ಅಮೆರಿಕದಿಂದ ಗೋಧಿ ಬರ್ತೈತೆ, ಹಾಲಿನ ಪುಡಿ ಬರ್ತೈತೆ. ಓದೂ ಬರ್ತೈತೇನು?" ಸಾಹುಕಾರರು ಕಾಗದ ಕೆಳಗಿಟ್ಟರು. "ಪ್ಯಾಟ್ಯಾಗ ಮೂಲವ್ಯಾಧಿ ಡಾಕ್ಟರ ಗೋಡೆ ಮ್ಯಾಲೂ ಅಮೆರಿಕದ ಕಾಗದ ಒಂದೈತೆ. ರೊಕ್ಕ ಕಳಿಸಿದ್ರ ಟಪಾಲಿನಾಗ ಬರ್ತೈತಂತ. ಅದಕ್ಕಾದ್ರೂ ಬಂಗಾರದ ಮುದ್ರೆ ಐತೆ."

ಆಮೇಲೆ ನನ್ನ ಕಡೆ ತಿರುಗಿದರು. "ನೀ ಇವರ ಮನ್ಯಾಗ ಇರ್ತೀಯಲ್ಲ. ಇವ್ರು ಅಲ್ಲಿ ಓದಿದ್ದು ಖರೇನಾ?"

"ನಂಗೊತ್ತಿಲ್ಲೆ ಸಾಹುಕಾರ್ರೆ."

ಎರಡು ವರ್ಷದ ಪತ್ರ ಓದಿದ ಬಾಯಿ ಹೀಗಂದಿತು. ನಾಳೆ ಏನಾದರೂ ಎಡವಟ್ಟಾದರೆ ಮೊದಲು ಹೋಗುವುದು ನನ್ನ ಕೆಲಸ. ಅಷ್ಟೇ ಕಾರಣ. ಸಾಹುಕಾರರು ಕೆಲಸ ಕೊಡಲಿಲ್ಲ. ವಾಪಸ್ ಬರುವ ದಾರಿಯಲ್ಲಿ ಚನ್ನಬಸಪ್ಪನವರು ಒಂದೇ ಮಾತು ಕೇಳಿದರು: "ನೀ ಅವ್ವಗ ಓದಿದ ಪತ್ರ ಯಾರವು?"

ಸಾಹುಕಾರರ ಬಂಗಾರದ ಮುದ್ರೆಯ ಮಾತು ಗೌರಮ್ಮನ ಕಿವಿಗೂ ಬಿತ್ತು. ಒಲೆ ಮುಂದೆ ಕೂತು ಅದನ್ನೇ ಹೇಳುತ್ತಿದ್ದರು. "ಆ ಡಾಕ್ಟರದ್ದಕ್ಕ ಬಂಗಾರ ಐತಂತ. ನನ್ನ ಮಗಂದಕ್ಕ ಯಾಕ ಇಲ್ಲ?"

ಆಮೇಲೆ ಹರಿಹರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಬೇಕೆಂದು ಗೊತ್ತಾಯಿತು. ಅರ್ಜಿಯ ಜೊತೆ ಮೂಲ ಕಾಗದವನ್ನೂ ತಲುಪಿಸಬೇಕು. ಚನ್ನಬಸಪ್ಪನವರಿಗೆ ಜಿಗುಪ್ಸೆ ಬಂದಿತ್ತು. "ನೀನ ಕೊಟ್ಟು ಬಾ" ಎಂದು ಲಕೋಟೆ ನನ್ನ ಕೈಗಿಟ್ಟರು.

ಸಾಹುಕಾರರ ಮುಂದೆ ಆಡದೆ ಉಳಿದ ಮಾತಿಗೆ ಏನಾದರೂ ಮಾಡಬೇಕು ಅಂತ ನನ್ನೊಳಗೆ ಕೊರೆಯುತ್ತಿತ್ತು. ಬಸ್ಸಿಗೆ ಮೊದಲು ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗೆ ಹೋದೆ. ಅಂಗಡಿಯವನು ಬಂಗಾರ ಬಣ್ಣದ ಬೇಗಡೆಯ ತೆಳು ಹಾಳೆಯನ್ನು ದುಂಡಗೆ ಕತ್ತರಿಸಿ, ಸುತ್ತ ಗರಗಸದ ಹಲ್ಲು ಮಾಡಿ, ಉಬ್ಬು ಮುದ್ರೆಯ ಮೇಲೆ ಸರಿಯಾಗಿ ಅಂಟಿಸಿದ. "ಇಲ್ಲೇ ಜಾಗ ಬಿಟ್ಟಾರ ನೋಡು" ಎಂದ. ಡಾಕ್ಟರದ್ದಕ್ಕಿಂತ ಚೆನ್ನಾಗಿತ್ತು. ಹರಿಹರ ಬರುವ ತನಕ ಲಕೋಟೆ ಬಿಚ್ಚಿ ಬಿಚ್ಚಿ ನೋಡಿದೆ. ಈ ಸೀಮೆಗೆ ಬಂದ ಮೇಲೆ ಅಷ್ಟು ಖುಷಿಯಾಗಿದ್ದು ಅದೊಂದೇ ಸಲ.

ಕಾರ್ಖಾನೆಯ ಅಧಿಕಾರಿ ಬೆಂಗಳೂರಿನವರು. ಅರ್ಜಿ ಓದುತ್ತಾ ಕುರ್ಚಿಯಲ್ಲಿ ನೆಟ್ಟಗಾದರು. "ಈ ಕಾಲೇಜು ನನಗೆ ಗೊತ್ತು. ಇಲ್ಲಿ ಓದಿದವರು ದಾವಣಗೆರೆಯಲ್ಲಿ ಇದ್ದಾರಾ? ನಾಳೆನೇ ಬರಕ್ಕೆ ಹೇಳು."

ಆಮೇಲೆ ಕಾಗದ ತೆಗೆದರು. ಬೇಗಡೆ ಕಂಡಿತು. ಉಗುರಿನಿಂದ ಕೆರೆದರು. ಕಾಗದದ ಸಿಪ್ಪೆ ಸಮೇತ ಎದ್ದು ಬಂತು. ಉಬ್ಬು ಮುದ್ರೆ ಹರಿದುಹೋಯಿತು.

"ಆ ಕಾಲೇಜು ಇಂಥದ್ದು ಹಾಕಲ್ಲ."

"ನಾನೇ ಅಂಟ್ಸಿದ್ದ್ ಸಾರ್. ಅವ್ರಿಗೆ ಗೊತ್ತೇ ಇಲ್ಲೆ. ಅವ್ರ್ ಅಲ್ಲೇ ಓದದ್ದ್, ಪತ್ರ ಎಲ್ಲ ನಾನೇ ಓದಿದ್ದೆ."

"ಯಾಕಪ್ಪಾ, ಅವರನ್ನ ಉಳಿಸಕ್ಕೆ ನಿನಗೆ ಹೇಳಿಕೊಟ್ಟು ಕಳಿಸಿದ್ದಾರಾ? ತಗೊಂಡು ಹೋಗು."

ಮಾತಾಡಬೇಕಾದಲ್ಲಿ ಗೊತ್ತಿಲ್ಲ ಅಂದೆ. ಮಾತಾಡಿದಲ್ಲಿ ಯಾರೂ ನಂಬಲಿಲ್ಲ.

ಚನ್ನಬಸಪ್ಪನವರಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಅಮೆರಿಕಕ್ಕೆ ಬರೆದು ಇನ್ನೊಂದು ತರಿಸಿಕೊಳ್ಳಿ ಅಂದೆ. "ಕಾಗದ ಬರ್ತೈತೆ. ಹರಿಹರದಾಗ ನಂಬೋ ಮನುಷ್ಯ ಒಬ್ಬ ಇದ್ದ. ಅವನ್ನ ಎಲ್ಲಿಂದ ತರಿಸ್ಲಿ?" ಎಂದರು.

ಈಗ ಅವರು ನಮ್ಮ ಗಿರಣಿಯ ಗೇಟಿನಲ್ಲಿ ಹಾಜರಿ ಬರೆಯುತ್ತಾರೆ. ಅಕ್ಷರ ದುಂಡಗಿದೆ ಅಂತ ಸಾಹುಕಾರರು ಇಟ್ಟುಕೊಂಡರು. ಸಾಹುಕಾರರ ಬಾಯಲ್ಲಿ ನಾನು "ನಮ್ಮ ಹುಡುಗ". ಮೂರು ಬೀದಿ ಆಚೆ ಹುಟ್ಟಿದ ಚನ್ನಬಸಪ್ಪನವರು "ಆ ಅಮೆರಿಕದವ". ಗೌರಮ್ಮನಿಗೆ ಬೇಗಡೆಯ ವಿಷಯ ಇವತ್ತಿಗೂ ಗೊತ್ತಿಲ್ಲ, ಮಗ ಹೇಳಿಲ್ಲ. ಭಾನುವಾರ ರೊಟ್ಟಿ ಬರುತ್ತದೆ. ತಿನ್ನುತ್ತೇನೆ. ಹೋದ ಸಲ ಊರಿಗೆ ಬಂದಾಗ ನಿಮ್ಮ ಗಂಜಿ ಬಾಯಿಗೆ ನೀರಿನ ಹಾಗೆ ಅನಿಸಿತು. ನಿಮಗೆ ಹೇಳಲಿಲ್ಲ.

ಮೊನ್ನೆ ಹಾಜರಿಗೆ ಹೊಸ ಪುಸ್ತಕ ಬಂತು. ಹೆಸರಿನ ಮುಂದೆ ಸ್ವಂತ ಊರು ಬರೆಯುವ ಸಾಲು. ಗಂಗೊಳ್ಳಿ ಅನ್ನಲು ನಾನು ಬಾಯಿ ತೆರೆಯುವ ಮೊದಲೇ ಚನ್ನಬಸಪ್ಪನವರು ನನ್ನ ಹೆಸರಿನ ಮುಂದೆ ದಾವಣಗೆರೆ ಅಂತ ಬರೆದಾಗಿತ್ತು. ಅದರ ಮೇಲಿನ ಸಾಲಿನಲ್ಲಿ ಅವರದೇ ಹೆಸರಿತ್ತು. ಅದರ ಮುಂದೆ ಊರಿನ ಜಾಗ ಖಾಲಿ ಬಿಟ್ಟಿದ್ದರು.