ಎಡ ಜೇಬಿನಲ್ಲೇ ಉಳಿದ ಕಾಳುಗಳು

ನೆವಾಡಾದ ಉತ್ತರದ ಗುಡ್ಡಗಳ ನೆತ್ತಿ ಇನ್ನೂ ಕೆಂಪಾಗಿಲ್ಲ. ಮೂಳೆ ಕೊರೆಯುವ ಚಳಿಯಲ್ಲೂ ಪಿಕಪ್ ಗಾಡಿಯ ಕಿಟಕಿ ಇಳಿಸಿ, ಕಿವಿ ಮುಚ್ಚದೆ ಕೂತಿದ್ದಾರೆ ಡಾರ್ಲಾ ಉಗಾಲ್ಡೆ. ಸೇಜ್ ಗಿಡದ ಕುರುಚಲಿನಲ್ಲಿ ಬದುಕುವ ಕಾಡುಹಕ್ಕಿ ಸೇಜ್ ಕೋಳಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಗಂಡು ಕೋಳಿ ಎದೆಯ ಎರಡು ಹಳದಿ ಚೀಲ ಉಬ್ಬಿಸಿ, ಬಾಟಲಿಯ ಬಿರಡೆ ಕಿತ್ತ ಹಾಗೆ ಸದ್ದು ಮಾಡುತ್ತ ಹೆಣ್ಣುಗಳ ಮುಂದೆ ಕುಣಿಯುವುದು ಏಪ್ರಿಲ್‌ನ ಇದೇ ಹೊತ್ತಿನಲ್ಲಿ, ಇದೇ ಬಯಲಿನಲ್ಲಿ.

ಡಾರ್ಲಾರ ಎಡ ಜೇಬಿನಲ್ಲಿ ಐವತ್ತು ಒಣ ಬೀನ್ಸ್ ಕಾಳುಗಳಿವೆ. ಒಂದು ಗಂಡು ಕಂಡರೆ ಒಂದು ಕಾಳು ಬಲ ಜೇಬಿಗೆ. ಸ್ಪೇನಿನ ಬಾಸ್ಕ್ ನಾಡಿನಿಂದ ಬಂದು ಕುರಿ ಕಾಯುತ್ತಿದ್ದ ಅಪ್ಪ ಹೀಗೇ ಎಣಿಸುತ್ತಿದ್ದರಂತೆ. "ಎಣಿಸೋವಾಗ ಬಾಯಿ ಬಿಡ್ಬಾರ್ದು ಅನ್ನೋರು. ಬಾಯಿ ಬಿಟ್ರೆ ಆಸೆನೂ ಲೆಕ್ಕಕ್ಕೆ ಸೇರ್ಕೊಳತ್ತೆ ಅಂತ."

ಸಂಶೋಧನಾ ಕೇಂದ್ರದ ಸಹಾಯಕಿಯಾಗಿ ಅವರ ಈ ಕೆಲಸ ಮೂವತ್ತೊಂದು ವಸಂತಗಳದು. ಬೆಳಗಿನ ಮೂರೂವರೆಗೆ ಎದ್ದು ಹದಿನಾಲ್ಕು ಮೈಲಿ ಗಾಡಿ ಓಡಿಸುತ್ತಾರೆ. ಬೇಸಿಗೆಯಲ್ಲಿ ಮಣ್ಣಿನ ಪರೀಕ್ಷೆಗೆ ಗುಂಡಿ ತೋಡುವುದು, ಚಳಿಗಾಲದಲ್ಲಿ ಬೀಜ ಆಯುವುದು. ಇದುವರೆಗೆ ಇನ್ನೂರ ಹನ್ನೆರಡು ಗುಂಡಿ ತೋಡಿದ್ದಾರೆ, ಮಂಡಿ ಎರಡೂ ಹೋಗಿವೆ. ಆ ಕೇಂದ್ರದಿಂದ ಬಂದ ಒಂಬತ್ತು ಪ್ರಬಂಧಗಳಲ್ಲಿ ಅವರು ತೆಗೆದ ಮಣ್ಣಿದೆ, ಅವರು ಎಣಿಸಿದ ಕೋಳಿಗಳಿವೆ. ಹೆಸರು ಮಾತ್ರ ಒಂದರಲ್ಲೂ ಇಲ್ಲ. ಹೈಸ್ಕೂಲಿಗೇ ಓದು ಮುಗಿಸಿದವರ ಹೆಸರನ್ನು ಯಾರು ಹಾಕುತ್ತಾರೆ, ಬಿಡಿ.

ಹಿಂದೆ ಈ ಬಯಲಲ್ಲಿ ನಲವತ್ತೇಳು ಗಂಡುಗಳು ಕುಣಿದದ್ದಿದೆ. ಎಂಟು ವರ್ಷದ ಹಿಂದೆ ಬೆಂಕಿ ಬಿದ್ದು ಗುಡ್ಡ ಪೂರ್ತಿ ಸುಟ್ಟಿತು. ಮತ್ತೆ ಬಿತ್ತಲು ಲಾರಿ ತುಂಬ ಸೇಜ್ ಬೀಜ ಬಂತು. ನಮ್ಮ ಮಾಚಿಪತ್ರೆಯ ಕುಲದ ಈ ಗಿಡದಲ್ಲಿ ಗುಡ್ಡದ್ದು ಬೇರೆ, ತಗ್ಗಿನದ್ದು ಬೇರೆ. ಕಣ್ಣಿಗೆ ಎರಡೂ ಒಂದೇ. ಡಾರ್ಲಾ ಚೀಲದ ತಳದಲ್ಲಿದ್ದ ಎಲೆಯ ಚೂರುಗಳನ್ನು ಲೋಟದ ನೀರಿಗೆ ಹಾಕಿ, ಕತ್ತಲ ಕೊಟ್ಟಿಗೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರು. ಗುಡ್ಡದ ಗಿಡವಾಗಿದ್ದರೆ ನೀರು ನೀಲಿಯಾಗಿ ಬೆಳಗಬೇಕಿತ್ತು. ಬೆಳಗಲಿಲ್ಲ.

"ಲೋಟ ಹಿಡ್ಕೊಂಡು ಆಫೀಸಿಗೆ ಓಡ್ದೆ. ಇದು ತಗ್ಗಿನ ಬೀಜ ಕಣಪ್ಪ, ಮೇಲೆ ಬದುಕಲ್ಲ ಅಂದೆ. ಆ ಟ್ರೆಂಟ್ ನಕ್ಕ. 'ಡಾರ್ಲಾ, ನೀವು ಗಿಡಗಳ ಬಗ್ಗೆ ಏನು ಓದಿದೀರಿ?' ಅಂದ."

ಟ್ರೆಂಟ್ ಎಂದರೆ ಕೇಂದ್ರದ ಮುಖ್ಯಸ್ಥ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮೊಳೆತ ಸಸಿಗಳು ಎರಡನೆಯ ಚಳಿಗಾಲ ದಾಟಲಿಲ್ಲ. ಆ ಜಾಗವನ್ನೆಲ್ಲ ಕೆಲಸಕ್ಕೆ ಬಾರದ ಒಣಹುಲ್ಲು ನುಂಗಿತು. ಚಳಿಗಾಲವಿಡೀ ಸೇಜ್ ಎಲೆಯನ್ನೇ ತಿಂದು ಬದುಕುವ ಕೋಳಿಗಳು ಹನ್ನೊಂದಕ್ಕೆ ಇಳಿದವು, ಆಮೇಲೆ ಮೂರಕ್ಕೆ. ಕಳೆದೆರಡು ವಸಂತಗಳಲ್ಲಿ ಒಂದೂ ಬರಲಿಲ್ಲ.

ನಿಯಮ ನಿಷ್ಠುರವಾಗಿದೆ. ವಸಂತಕ್ಕೆ ನಾಲ್ಕು ಬಾರಿ ಎಣಿಸಬೇಕು. ಮೂರು ವಸಂತ ಸತತವಾಗಿ ಸೊನ್ನೆ ಬಂದರೆ ಬಯಲಿನ ಹೆಸರು ರಕ್ಷಿತ ಜಾಗಗಳ ಪಟ್ಟಿಯಿಂದ ಹೋಗುತ್ತದೆ. ಗುಡ್ಡ ಅಗೆಯಲು ಕಾದಿರುವ ಗಣಿಯ ರಸ್ತೆಗೆ ಬೇಲಿ ತೆರೆಯುತ್ತದೆ. ಇದು ಮೂರನೆಯ ವಸಂತದ ನಾಲ್ಕನೆಯ ಬೆಳಗು.

ಪಕ್ಕದಲ್ಲಿ ಕೂತಿರುವ ರೋಯ್ಸ್, ಕೇಂದ್ರದ ಮೆಕ್ಯಾನಿಕ್, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ. ಬಿಸಿಲು ಬಯಲಿಗೆ ಇಳಿದಿದೆ. ಒಣಹುಲ್ಲು ಬಿಟ್ಟರೆ ಅಲ್ಲಿ ಏನೂ ಅಲುಗುತ್ತಿಲ್ಲ.

"ಒಂದು ಅಂತ ಬರ್ದುಬಿಡೇ ಮಾರಾಯ್ತಿ," ಎನ್ನುತ್ತಾರೆ ರೋಯ್ಸ್. "ಒಂದೇ ಒಂದು. ಯಾರು ಬಂದು ನೋಡ್ತಾರೆ ಇಲ್ಲಿ?"

"ನಾನು ನೋಡ್ತಿದೀನಲ್ಲೋ."

"ಗುಡ್ಡ ಉಳಿಯತ್ತೆ ಕಣೆ!"

"ಗೊತ್ತು. ಸುಮ್ನಿರು, ಇನ್ನೂ ಹತ್ತು ನಿಮಿಷ ಇದೆ."

ಆ ಹತ್ತು ನಿಮಿಷವೂ ಮುಗಿಯುತ್ತದೆ. ಡಾರ್ಲಾ ಬಲ ಜೇಬಿಗೆ ಕೈ ಹಾಕಿ ನೋಡುತ್ತಾರೆ, ಖಾಲಿ ಎಂದು ಗೊತ್ತಿದ್ದೂ. ಹಾಳೆಯಲ್ಲಿ ಪೆನ್ಸಿಲಿನಿಂದ ಸೊನ್ನೆ ಬರೆಯುತ್ತಾರೆ. ಇಷ್ಟು ಪ್ರಾಮಾಣಿಕರಾಗಿದ್ದು ಏನು ಬಂತು ಎನ್ನಿಸುತ್ತದೆ ನೋಡುವವರಿಗೆ.

ಗುಡ್ಡದ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ. ಗಾಡಿ ನಿಲ್ಲಿಸಿ ಟ್ರೆಂಟ್‌ಗೆ ಕರೆ ಮಾಡುತ್ತಾರೆ.

"ಸೊನ್ನೆ."

"ಸರಿ, ಬರ್ಕೊಂಡೆ. ಥ್ಯಾಂಕ್ಸ್ ಡಾರ್ಲಾ."

ಮಾತು ಅಷ್ಟಕ್ಕೇ ಮುಗಿಯುತ್ತದೆ. ಡಾರ್ಲಾ ಫೋನನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಆಮೇಲೆ ರೋಯ್ಸ್ ಕಡೆ ತಿರುಗುತ್ತಾರೆ.

"ನೋಡ್ದೇನೋ? ಈ ಸಲ ನಾನೇನು ಓದಿದೀನಿ ಅಂತ ಕೇಳ್ಲೇ ಇಲ್ಲ."