ಇನ್ನೊಂದು ದಿಕ್ಕಿನಿಂದ ಬಂದ ಕರೆಂಟು

ಶಿಗ್ಗಾಂವದ ಹೆದ್ದಾರಿ ಬದಿಯ ಖಾಸಗಿ ಐಟಿಐ. ಬೆಳಕು ಹರಿಯುವ ಹೊತ್ತಿಗೇ ಜಯಶ್ರೀ ವರ್ಕ್‌ಶಾಪಿನ ಬಾಗಿಲು ತೆಗೆದು ಹಲಗೆಯ ಮೇಲೆ ಎರಡು ಬ್ಯಾಟರಿ, ಒಂದು ಸಣ್ಣ ಬಲ್ಬು ಜೋಡಿಸುತ್ತಿದ್ದಾರೆ. ಒಂದು ಬ್ಯಾಟರಿ ತೆಗೆದು ಆ ಜಾಗಕ್ಕೆ ಬರೀ ತಂತಿ ಕೂಡಿಸುತ್ತಾರೆ. ಬಲ್ಬು ಮಂಕಾಗುತ್ತದೆ, ಆರುವುದಿಲ್ಲ.

ತಿಳವಳ್ಳಿಯ ಕೂಲಿಕಾರ ಮಲ್ಲೇಶಪ್ಪನವರ ಮಗಳು ಇವರು. ಎಲೆಕ್ಟ್ರಿಶಿಯನ್ ಕೋರ್ಸಿಗೆ ಸೇರಿದಾಗ ತರಗತಿಯಲ್ಲಿ ಹೆಣ್ಣುಮಗಳೆಂದರೆ ಇವರೊಬ್ಬರೇ. ಕಂಬ ಹತ್ತುವ ಕೆಲಸ ಯಾರೂ ಕೊಡಲಿಲ್ಲ, ಹಾಗಾಗಿ ಇಲ್ಲಿ ಕಲಿಸಲು ಬಂದರು. ಇಂದಿಗೂ ಗುತ್ತಿಗೆ ಶಿಕ್ಷಕಿ. ಗೋಜಲಾದ ಸರ್ಕೀಟನ್ನು ಬಿಡಿಸುವುದು ಅವರ ಪಾಠ. ಒಂದರ ಹಿಂದೊಂದು, ಅಕ್ಕಪಕ್ಕ ಇರುವ, ಕರೆಂಟು ತಡೆಯುವ ರೋಧಕಗಳನ್ನೆಲ್ಲ ಲೆಕ್ಕ ಹಾಕಿ, ಅವುಗಳ ಬದಲಿಗೆ ಒಂದನ್ನೇ ಇಡುವುದು. ಕರೆಂಟಿನ ಮೂಲ ಎರಡಿದ್ದರೆ, ಒಂದನ್ನು ಇಲ್ಲವೆಂದುಕೊಂಡು ಇನ್ನೊಂದರ ಲೆಕ್ಕ, ಆಮೇಲೆ ಅದಲುಬದಲು, ಕೊನೆಗೆ ಎರಡನ್ನೂ ಕೂಡಿಸುವುದು.

ಈ ಲೆಕ್ಕವನ್ನು ಚಂದ್ರಪ್ಪನೆಂಬ ವಿದ್ಯಾರ್ಥಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ. ಕೋರ್ಸು ಮುಗಿಸಿ ಸವಣೂರಿನಲ್ಲಿ ಗುತ್ತಿಗೆದಾರರೊಬ್ಬರ ಬಳಿ ಸೇರಿದ. ಒಂದು ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ ಕಂಬ ಹತ್ತಿದ. ಅದರಿಂದ ಕರೆಂಟು ಹೋದ ಪಕ್ಕದ ಹಿಟ್ಟಿನ ಗಿರಣಿಯವರು ಜನರೇಟರ್ ಹಚ್ಚಿದರು. ಆ ಕರೆಂಟು ಅದೇ ತಂತಿಗೆ ಹಿಂದಿನಿಂದ ಬಂತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

"ಲೆಕ್ಕದಾಗ ಇನ್ನೊಂದು ಮೂಲ ಮರೀಬ್ಯಾಡ್ರಿ ಅಂತ ದಿನಾ ಹೇಳತಿದ್ದೆ. ಕಂಬದ ಮ್ಯಾಲ ಮರೀಬ್ಯಾಡ್ರಿ ಅಂತ ಒಂದ ಸಲಾನೂ ಹೇಳಿರಲಿಲ್ರಿ. ಪರೀಕ್ಷಾದಾಗ ಕಂಬ ಇರೂದಿಲ್ಲಲ್ಲ" ಎನ್ನುವಾಗ ಜಯಶ್ರೀ ತಲೆ ಎತ್ತುವುದಿಲ್ಲ.

ಚಂದ್ರಪ್ಪ ಈಗ ಹಿರೇಕೆರೂರಿನಲ್ಲಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಜಯಶ್ರೀ ನೋಡಲು ಹೋದಾಗ ಎದ್ದು ನಿಂತು, ಎಡಗೈಯಿಂದ ಸ್ಟೂಲು ಸರಿಸಿಕೊಟ್ಟನಂತೆ. ಇವರು ಹೋದದ್ದು ಕ್ಷಮೆ ಕೇಳಲೆಂದೇ. ಅದಕ್ಕೆ ಮೊದಲೇ ಆತ ಮೆಲ್ಲಗೆ ಹೇಳಿದ: "ಮೇಡಂ, ನನಗ ಪೂರ್ತಿ ಮಾರ್ಕ್ಸ್ ಬಂದಿದ್ದು ಅದ ಎರಡು ಮೂಲದ ಲೆಕ್ಕಕ್ಕ ರೀ."

ಅಲ್ಲಿಂದ ಬಂದ ಮೇಲೆ ಅವರ ಪಾಠ ಬದಲಾಗಿದೆ. ಸುತ್ತಮುತ್ತ ಜನರೇಟರ್ ಇದೆಯೇ, ಇನ್ವರ್ಟರ್ ಇದೆಯೇ, ಮಾಳಿಗೆಯ ಮೇಲೆ ಸೋಲಾರ್ ಇದೆಯೇ ಎಂದು ಹುಡುಕಿ ಹೇಳದವರ ಉತ್ತರ ಸರಿಯಿದ್ದರೂ ಅವರು ಒಪ್ಪುವುದಿಲ್ಲ. ಹಿಂದಿನಿಂದ ಕರೆಂಟು ಬಂದರೂ ನೆಲಕ್ಕಿಳಿಯಲೆಂದು ತಂತಿಗೆ ಅರ್ಥಿಂಗ್ ಕೊಡದೆ ಕೈ ಹಚ್ಚಗೊಡುವುದಿಲ್ಲ. ಇದರಿಂದ ಪಾಠಗಳು ಹಿಂದೆ ಬೀಳುತ್ತವೆಂದು ಆಡಳಿತದವರು ಆಗಾಗ ಕರೆದು ಹೇಳುತ್ತಾರೆ. ಹೂಂ ಎಂದು ಬಂದು ಮತ್ತೆ ಹಾಗೆಯೇ ಕಲಿಸುತ್ತಾರೆ.

ಚಂದ್ರಪ್ಪ ಒಮ್ಮೆ ತರಗತಿಗೆ ಬಂದು ಹುಡುಗರೊಡನೆ ಮಾತಾಡಲಿ ಎಂಬುದೊಂದು ಆಸೆ. ಕೇಳಿಯೂ ಇದ್ದಾರೆ. ಆತ ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

"ನಾ ಹೇಳಿದ್ರ ಅದು ಪಾಠ ಆಗ್ತೈತ್ರಿ, ಬರಕೋತಾರ" ಎನ್ನುತ್ತಾರೆ ಜಯಶ್ರೀ. "ಅಂವ ಹೇಳಿದ್ರ ಯಾರೂ ಬರಕೊಳ್ಳಂಗಿಲ್ಲ, ಕೇಳ್ತಾರ."